ವಾಕ್ಯಗಳಿಗೆ ವಿಭಕ್ತಿ ಇಲ್ಲ

‘ಕೆಳಗಿನ ವಾಕ್ಯಗಳು ಕ್ರಮ ತಪ್ಪಿವೆ. ಅರ್ಥಪೂರ್ಣವಾದ ಪ್ಯಾರಾ ಆಗುವಂತೆ ಅವನ್ನು ಜೋಡಿಸಿ.’ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಿಗೆ ಈ ಪ್ರಶ್ನೆ ಹೊಸದಲ್ಲ. ಸೇನೆಯ ಅಧಿಕಾರಿಗಳ ಆಯ್ಕೆಗೆ ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆಯಲ್ಲಿ, ಐಐಎಂ ಪ್ರವೇಶದ ಕ್ಯಾಟ್‌ನಲ್ಲಿ, ಬ್ಯಾಂಕ್ ಪರೀಕ್ಷೆಗಳಲ್ಲಿ ಇದು ಎದುರಾಗುತ್ತದೆ. ವಾಕ್ಯದ ತುಂಡುಗಳನ್ನು ಸರಿಯಾಗಿ ಜೋಡಿಸುವ ಇದರ ಚಿಕ್ಕ ರೂಪ ಪಿಯುಸಿ ಇಂಗ್ಲಿಷ್ ಪತ್ರಿಕೆಯಲ್ಲೇ ಪರಿಚಯವಾಗಿರುತ್ತದೆ. ಹೆಚ್ಚಿನ ಕಡೆ ಪ್ರಶ್ನೆ ಇಂಗ್ಲಿಷಿನಲ್ಲೇ ಬರುವುದರಿಂದ ಇದು ಇಂಗ್ಲಿಷ್ ಕಲಿಕೆಗೆ ಸೇರಿದ್ದು, ಅಂಕ ಗಳಿಸುವ ಒಂದು ಉಪಾಯ ಎಂಬ ಭಾವನೆ ಬೇರೂರಿದೆ. ಈ ಭಾವನೆ ತಪ್ಪು ಎಂಬುದು ನನ್ನ ವಾದ. ವಾಕ್ಯಗಳನ್ನು ಕ್ರಮವಾಗಿ ಜೋಡಿಸುವ ಅಭ್ಯಾಸ ಕನ್ನಡದಲ್ಲಿ ಓದಿ ಬರೆಯುವವರಿಗೆ ಬೇಕೇ ಬೇಕು. ಅದಕ್ಕೆ ಕಾರಣ ಕನ್ನಡ ವಾಕ್ಯದ ರಚನೆಯಲ್ಲೇ ಇದೆ.

‘ರೈತರು ಆಲೂಗಡ್ಡೆಯನ್ನು ಮಾರುಕಟ್ಟೆಗೆ ತಂದರು’ ಎಂಬ ನಾಲ್ಕು ಪದಗಳ ವಾಕ್ಯವನ್ನು ತೆಗೆದುಕೊಳ್ಳಿ. ನಾಲ್ಕು ಪದಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ‘ಮಾರುಕಟ್ಟೆಗೆ ಆಲೂಗಡ್ಡೆಯನ್ನು ರೈತರು ತಂದರು’ ಎಂದರೂ, ‘ತಂದರು ರೈತರು ಮಾರುಕಟ್ಟೆಗೆ ಆಲೂಗಡ್ಡೆಯನ್ನು’ ಎಂದರೂ ತಂದವರು ಯಾರು, ತಂದದ್ದು ಏನು, ಎಲ್ಲಿಗೆ ಎಂಬುದರಲ್ಲಿ ಗೊಂದಲವಿಲ್ಲ. ಒತ್ತು ಬದಲಾಗುತ್ತದೆ, ಕೆಲವು ಜೋಡಣೆ ಕಿವಿಗೆ ಸ್ವಲ್ಪ ಒರಟಾಗುತ್ತದೆ, ಆದರೆ ಅರ್ಥ ಕೆಡುವುದಿಲ್ಲ. ‘ಅನ್ನು’, ‘ಗೆ’ ಎಂಬ ವಿಭಕ್ತಿ ಪ್ರತ್ಯಯಗಳು ಪ್ರತಿ ಪದಕ್ಕೂ ಅದರ ಕೆಲಸವನ್ನು ಅಂಟಿಸಿಬಿಟ್ಟಿವೆ, ಪದ ಎಲ್ಲಿ ಕೂತರೂ ಆ ಗುರುತು ಜೊತೆಗೇ ಇರುತ್ತದೆ. ಈಗ ಪದಗಳ ಬದಲು ನಾಲ್ಕು ವಾಕ್ಯಗಳನ್ನು ತೆಗೆದುಕೊಳ್ಳಿ. ಅವಕ್ಕೂ 24 ಜೋಡಣೆಗಳಿವೆ, ಆದರೆ ಓದಿದವರು ಒಪ್ಪುವಂಥವು ಒಂದೋ ಎರಡೋ ಮಾತ್ರ. ಏಕೆಂದರೆ ವಾಕ್ಯಕ್ಕೆ ವಿಭಕ್ತಿ ಇಲ್ಲ. ನಾನು ಕಾರಣ, ನಾನು ಫಲ, ನಾನು ಉದಾಹರಣೆ ಎಂದು ಸಾರುವ ಪ್ರತ್ಯಯವನ್ನು ಯಾವ ವಾಕ್ಯವೂ ಹೊತ್ತು ಬರುವುದಿಲ್ಲ. ಆ ಕೆಲಸವನ್ನು ವಾಕ್ಯ ಕೂತ ಜಾಗ ಮಾಡಬೇಕು, ಜೊತೆಗೆ ಆದರೆ, ಆದ್ದರಿಂದ, ಅದು, ಇಂಥ, ಹೀಗೆ ಎಂಬ ಕೊಂಡಿಪದಗಳು ಮಾಡಬೇಕು. ವಾಕ್ಯದೊಳಗೆ ಇಷ್ಟೊಂದು ಸ್ವಾತಂತ್ರ್ಯ ಅನುಭವಿಸುವ ಭಾಷೆಯಲ್ಲಿ ಬೆಳೆದವರಿಗೆ ವಾಕ್ಯಗಳ ನಡುವೆಯೂ ಅದೇ ಸ್ವಾತಂತ್ರ್ಯ ಇದೆ ಎಂದು ತೋರುವುದು ಸಹಜ. ನಮ್ಮ ಬರವಣಿಗೆ ದಾರಿ ತಪ್ಪುವುದು ಅನೇಕ ಸಲ ಇಲ್ಲೇ.

ಹಾಸನ ಜಿಲ್ಲೆಯ ನದಿಯೊಂದರ ಮೇಲೆ ಐದು ವಾಕ್ಯಗಳನ್ನು ಕಲಸಿ ಕೊಟ್ಟಿದ್ದೇನೆ:

ಅ. ಅಲ್ಲಿಂದ ಮುಂದೆ ನದಿ ಹೊಳೆನರಸೀಪುರದ ಮಗ್ಗುಲಲ್ಲೇ ಹರಿದು, ಅಕ್ಕಿಹೆಬ್ಬಾಳಿನ ಬಳಿ ಹಾದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ.
ಆ. ಹಾಗಾಗಿಯೇ ನದಿಯ ದಂಡೆಯಿಂದ ಬಹು ದೂರದಲ್ಲಿರುವ ಕೆರೆಗಳಲ್ಲೂ ಹೇಮಾವತಿಯ ನೀರು ನಿಲ್ಲುತ್ತದೆ.
ಇ. ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ.
ಈ. ಆದರೆ ಅಣೆಕಟ್ಟಿನ ನೀರೆಲ್ಲ ಹೀಗೆ ನದಿಯ ಪಾತ್ರದಲ್ಲೇ ಸಾಗುವುದಿಲ್ಲ, ಒಂದು ಪಾಲು ಎಡದಂಡೆ ನಾಲೆ ಹಿಡಿದು ಚನ್ನರಾಯಪಟ್ಟಣದ ಕಡೆಗೆ ತಿರುಗುತ್ತದೆ.
ಉ. ಸಕಲೇಶಪುರ ದಾಟಿ ಬಂದ ನದಿಗೆ ಹಾಸನ ತಾಲ್ಲೂಕಿನ ಗೊರೂರಿನಲ್ಲಿ, 1979ರಲ್ಲಿ ಮುಗಿದ ಅಣೆಕಟ್ಟು ಅಡ್ಡವಾಗುತ್ತದೆ.

ಐದು ವಾಕ್ಯಗಳಿಗೆ ಸಾಧ್ಯವಿರುವ ಜೋಡಣೆಗಳು 120. ಒಂದೊಂದನ್ನೂ ಓದಿ ನೋಡುವ ಅಗತ್ಯವಿಲ್ಲ. ಯಾವ ವಾಕ್ಯ ತನ್ನ ಹಿಂದೆ ಇನ್ನೊಂದನ್ನು ಬೇಡುವುದಿಲ್ಲವೋ ಅದೇ ಮೊದಲನೆಯದು. ‘ಅಲ್ಲಿಂದ’ ಎಂದರೆ ಎಲ್ಲಿಂದ ಎಂದು ಕೇಳಬೇಕಾಗುತ್ತದೆ. ‘ಹಾಗಾಗಿ’ ಎಂದರೆ ಹೇಗಾಗಿ, ‘ಆದರೆ’ ಎಂದರೆ ಯಾವುದಕ್ಕೆ ವಿರುದ್ಧವಾಗಿ ಎಂದು ಕೇಳಬೇಕಾಗುತ್ತದೆ. ‘ಇ’ ಮಾತ್ರ ಏನನ್ನೂ ಕೇಳಿಸದೆ ನದಿಯನ್ನು ಹೆಸರು ಹಿಡಿದು ಪರಿಚಯಿಸುತ್ತದೆ. ‘ಉ’ ವಾಕ್ಯದಲ್ಲಿ ಕೊಂಡಿಪದವಿಲ್ಲ. ಅದನ್ನು ಎರಡನೆಯ ಜಾಗಕ್ಕೆ ತರುವುದು ಭೂಗೋಳದ ತಿಳಿವಳಿಕೆ, ಅಂದರೆ ಸಕಲೇಶಪುರ ಮೇಲಿದೆ, ಗೊರೂರು ಅದಕ್ಕಿಂತ ಕೆಳಗಿದೆ ಎಂಬ ಅರಿವು. ನಿಜವಾಗಿ ತೂಗಿ ನೋಡಬೇಕಾದ್ದು ‘ಅ’ ಮತ್ತು ‘ಈ’ಗಳ ನಡುವೆ. ಅಣೆಕಟ್ಟಿನ ಮಾತು ಬಂದ ಕೂಡಲೇ ನಾಲೆಯ ಮಾತು ಬರಲಿ ಎಂದು ‘ಈ’ಯನ್ನು ಮೂರನೆಯದಾಗಿ ಇಟ್ಟರೆ ಅದರೊಳಗಿನ ‘ಹೀಗೆ’ ಎಂಬ ಪದ ನೆಲೆ ಇಲ್ಲದೆ ನಿಲ್ಲುತ್ತದೆ, ಏಕೆಂದರೆ ನೀರು ನದಿಯ ಪಾತ್ರದಲ್ಲಿ ಸಾಗುವ ವಿಷಯವನ್ನು ಹೇಳುವುದು ‘ಅ’ ವಾಕ್ಯ. ಅಷ್ಟೇ ಅಲ್ಲ, ಕೆರೆಗಳ ಮಾತಾದ ಮೇಲೆ ‘ಅಲ್ಲಿಂದ ಮುಂದೆ’ ಎಂದು ಬಂದರೆ ನದಿ ಕೆರೆಗಳಿಂದ ಹೊರಟಿತೇ ಎಂಬ ಅನುಮಾನ ಹುಟ್ಟುತ್ತದೆ. ಆದ್ದರಿಂದ ಕ್ರಮ ಇ, ಉ, ಅ, ಈ, ಆ. ಈ ನಿರ್ಧಾರಕ್ಕೆ ಬರುವಾಗ ವ್ಯಾಕರಣ, ಲೋಕಜ್ಞಾನ, ತರ್ಕ ಮೂರನ್ನೂ ಒಟ್ಟಿಗೆ ಬಳಸಿದ್ದೇವೆ. ಇದರಲ್ಲಿ ಒಂದನ್ನು ಕೈಬಿಟ್ಟರೂ ಉತ್ತರ ಸಿಗುತ್ತಿರಲಿಲ್ಲ.

ಹೀಗೆ ಯೋಚಿಸುವುದು ನಮ್ಮ ಪರಂಪರೆಗೆ ಹೊಸದೇನಲ್ಲ. ಪದಗಳು ಸೇರಿ ವಾಕ್ಯಾರ್ಥ ಹೇಗೆ ಹುಟ್ಟುತ್ತದೆ ಎಂದು ಚರ್ಚಿಸಿದ ಭಾರತೀಯ ದಾರ್ಶನಿಕರು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಷರತ್ತುಗಳನ್ನು ಹೇಳಿದರು. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ‘ಬೆಂಕಿಯಿಂದ ನೆನೆಸು’ ಎಂಬಂಥ ಹೊಂದದ ಕೂಟ ಆಗದಿರುವುದು ಯೋಗ್ಯತೆ. ಸೇರಬೇಕಾದವು ಹತ್ತಿರ ಹತ್ತಿರ ಇರುವುದು ಸನ್ನಿಧಿ. ಅವರು ಪದಗಳಿಗೆ ಹೇಳಿದ್ದನ್ನು ವಾಕ್ಯಗಳಿಗೂ ಅನ್ವಯಿಸಿದರೆ ಪ್ಯಾರಾ ಕಟ್ಟುವ ಸೂತ್ರವೇ ಸಿಗುತ್ತದೆ: ಒಂದು ವಾಕ್ಯ ಎಬ್ಬಿಸಿದ ಕುತೂಹಲವನ್ನು ಮುಂದಿನದು ತಣಿಸಬೇಕು, ಎರಡರ ಸಂಬಂಧ ಲೋಕಕ್ಕೆ ಒಪ್ಪುವಂತಿರಬೇಕು, ಸಂಬಂಧವಿರುವ ಎರಡರ ನಡುವೆ ಬೇರೊಂದು ವಿಷಯ ನುಗ್ಗಬಾರದು. ಕಾವ್ಯಮೀಮಾಂಸೆಯೂ ಇದನ್ನು ಗಮನಿಸಿತ್ತು. ದಂಡಿ ‘ಕಾವ್ಯಾದರ್ಶ’ದಲ್ಲಿ ಎಣಿಸಿದ ಹತ್ತು ದೋಷಗಳಲ್ಲಿ ‘ಅಪಕ್ರಮ’ವೂ ಒಂದು. ಕನ್ನಡದ ಮೊದಲ ಲಕ್ಷಣಗ್ರಂಥ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಬಹುಮಟ್ಟಿಗೆ ಆಧರಿಸಿದ್ದು ಈ ದಂಡಿಯನ್ನೇ. ಕ್ರಮ ಕೆಟ್ಟರೆ ಮಾತು ಕೆಟ್ಟಿತು ಎಂಬ ಎಚ್ಚರ ಕನ್ನಡದ ಓದುಗರಿಗೆ ಪ್ರಶ್ನೆಪತ್ರಿಕೆಗಳಿಂದ ಬಂದದ್ದಲ್ಲ.

ಬಾಯಿಮಾತಿನ ಕನ್ನಡವಂತೂ ಈ ಕೊಂಡಿಗಳನ್ನು ಎಂದೂ ಬಿಟ್ಟದ್ದಿಲ್ಲ. ಹಳ್ಳಿಯಲ್ಲಿ ಕಥೆ ಹೇಳುವವರು ‘ಕಾಡಿಗೆ ಹೋದ. ಹೋದರೆ ಅಲ್ಲೊಂದು ಕೆರೆ ಕಂಡಿತು. ಕಂಡದ್ದೇ ತಡ, ನೀರಿಗಿಳಿದ. ಇಳಿದು ನೋಡುತ್ತಾನೆ...’ ಎನ್ನುತ್ತಾ ಹೋಗುತ್ತಾರೆ. ಹಿಂದಿನ ವಾಕ್ಯದ ಕ್ರಿಯಾಪದವೇ ಮುಂದಿನ ವಾಕ್ಯದ ತಲೆಯಲ್ಲಿ ಬಂದು ಕೂರುತ್ತದೆ. ಇಂಥ ವಾಕ್ಯಗಳನ್ನು ಕಲಸಿ ಕೊಟ್ಟರೂ ಯಾರು ಬೇಕಾದರೂ ಮತ್ತೆ ಜೋಡಿಸಿಯಾರು. ‘ಉತ್ತು, ಬಿತ್ತಿ, ಕಳೆ ಕಿತ್ತು, ಬೆಳೆದು ಮಾರಿದರು’ ಎಂದು ಕೃದಂತಗಳನ್ನು ಪೋಣಿಸುವ ನಮ್ಮ ಉದ್ದ ವಾಕ್ಯವೂ ಕಾಲಕ್ರಮವನ್ನು ತನ್ನೊಳಗೇ ಕಾಯ್ದುಕೊಳ್ಳುತ್ತದೆ. ಇಂದಿನ ಬರಹಕ್ಕೆ, ವಿಶೇಷವಾಗಿ ಸುದ್ದಿಗೆ, ಅರ್ಜಿಗೆ, ಮೊಬೈಲ್ ಸಂದೇಶಕ್ಕೆ ಚಿಕ್ಕ ಚಿಕ್ಕ ವಾಕ್ಯಗಳೇ ಇಷ್ಟ. ಅದು ಒಳ್ಳೆಯದೇ. ಆದರೆ ಉದ್ದ ವಾಕ್ಯವನ್ನು ತುಂಡು ಮಾಡಿದಾಗ ಅದರೊಳಗಿದ್ದ ಕೊಂಡಿಗಳೂ ಉದುರಿಹೋಗುತ್ತವೆ. ಕಥೆಗಾರರ ನಾಲಗೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಬರೆಯುವವರು ತಿಳಿದು ಮಾಡಬೇಕು. ಅದಕ್ಕೆ ಬೇಕಾದ ತರಬೇತಿ ಈ ಜೋಡಣೆಯ ಅಭ್ಯಾಸದಲ್ಲಿದೆ.

ವಿಷಯ ಗೊತ್ತಿದ್ದರೆ ಸಾಕು, ಕ್ರಮ ತಾನಾಗಿ ಬರುತ್ತದೆ ಎಂದು ನಂಬುವವರಿದ್ದಾರೆ. ಇದಕ್ಕೆ ಉತ್ತರ ಅಚ್ಚರಿಯ ದಿಕ್ಕಿನಿಂದ ಬಂದಿದೆ. ಕಂಪ್ಯೂಟರಿಗೆ ಭಾಷೆ ಕಲಿಸಲು ಗೂಗಲ್ 2018ರಲ್ಲಿ ರೂಪಿಸಿದ ಬರ್ಟ್ ಎಂಬ ಮಾದರಿಗೆ ಒಂದು ಅಭ್ಯಾಸ ಕೊಡಲಾಗಿತ್ತು: ಒಂದು ತುಣುಕು ಬರಹದ ನಂತರ ಬರುವ ಇನ್ನೊಂದು ತುಣುಕು ನಿಜವಾಗಿ ಅದರ ಮುಂದುವರಿಕೆಯೋ, ಬೇರೆಲ್ಲಿಂದಲೋ ಎತ್ತಿ ತಂದದ್ದೋ ಹೇಳಬೇಕು. ಮರುವರ್ಷದ ಆಲ್ಬರ್ಟ್ ಎಂಬ ಮಾದರಿಯನ್ನು ಕಟ್ಟಿದವರು ಈ ಅಭ್ಯಾಸ ತೀರ ಸುಲಭವಾಯಿತು ಎಂದು ವಾದಿಸಿದರು. ಎರಡು ತುಣುಕುಗಳ ವಿಷಯ ಒಂದೇ ಹೌದೋ ಅಲ್ಲವೋ ನೋಡಿದರೇ ಸಾಕಾಗುತ್ತಿತ್ತು. ಅದರ ಬದಲು ಅವರು ಒಂದೇ ಬರಹದ ಅಕ್ಕಪಕ್ಕದ ಎರಡು ತುಣುಕುಗಳನ್ನು ಕೊಟ್ಟು, ಇವು ಸರಿಯಾದ ಕ್ರಮದಲ್ಲಿವೆಯೋ ಅದಲುಬದಲಾಗಿವೆಯೋ ಎಂದು ಕೇಳಿದರು. ಇದು ಹೆಚ್ಚು ಕಷ್ಟದ, ಹೆಚ್ಚು ಫಲ ಕೊಡುವ ಅಭ್ಯಾಸವಾಯಿತು. ವಿಷಯ ಗುರುತಿಸುವುದು ಬೇರೆ, ಕ್ರಮ ಗ್ರಹಿಸುವುದು ಬೇರೆ, ಎರಡನೆಯದು ಇನ್ನಷ್ಟು ಆಳದ ಕೆಲಸ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮನುಷ್ಯರ ಮೇಲಿನ ಪ್ರಯೋಗವೂ ಇದಕ್ಕೆ ಪೂರಕವಾಗಿದೆ. 1972ರಲ್ಲಿ ಬ್ರಾನ್ಸ್‌ಫೋರ್ಡ್ ಮತ್ತು ಜಾನ್ಸನ್ ಎಂಬ ಮನೋವಿಜ್ಞಾನಿಗಳು ಬಟ್ಟೆ ಒಗೆಯುವ ಕೆಲಸವನ್ನು ಅದರ ಹೆಸರೆತ್ತದೆ ವರ್ಣಿಸುವ ಒಂದು ಬರಹವನ್ನು ಕೇಳಿಸಿದರು. ವಿಷಯ ಏನೆಂದು ಮೊದಲೇ ತಿಳಿದವರು ನೆನಪಿಟ್ಟುಕೊಂಡದ್ದು ಉಳಿದವರ ಸುಮಾರು ಎರಡರಷ್ಟು. ಕೇಳಿ ಮುಗಿದ ಮೇಲೆ ವಿಷಯ ತಿಳಿದವರಿಗೂ ಏನೂ ತಿಳಿಯದೇ ಹೋದವರಿಗೂ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ. ಅದೇ ಮಾಹಿತಿ ಮುಂಚೆ ಬಂದರೆ ದಾರಿ ತೋರುತ್ತದೆ, ಆಮೇಲೆ ಬಂದರೆ ನಷ್ಟವನ್ನು ತುಂಬಿಕೊಡುವುದಿಲ್ಲ.

ಓದುವವರು ಬುದ್ಧಿವಂತರು, ಹಿಂದುಮುಂದಾಗಿದ್ದರೂ ಜೋಡಿಸಿಕೊಂಡು ಓದುತ್ತಾರೆ ಎಂಬುದು ಒಂದು ಗಟ್ಟಿಯಾದ ಆಕ್ಷೇಪ. ಇದಕ್ಕೆ ಆಧಾರವೂ ಇದೆ. ಕಿಂಚ್ ಮತ್ತು ಸಂಗಡಿಗರು 1977ರಲ್ಲಿ ಕಥೆಗಳ ಪ್ಯಾರಾಗಳನ್ನು ಕಲಸಿ ಕೊಟ್ಟು ಸಾರಾಂಶ ಬರೆಸಿದಾಗ, ಬೇಕಾದಷ್ಟು ಸಮಯ ಸಿಕ್ಕ ಓದುಗರು ಸರಿಯಾದ ಸಾರಾಂಶವನ್ನೇ ಬರೆದರು. ಆದರೆ ಓದಲು ಅವರಿಗೆ ಹೆಚ್ಚು ಹೊತ್ತು ಹಿಡಿಯಿತು, ಸಮಯಕ್ಕೆ ಮಿತಿ ಹಾಕಿದಾಗ ಸಾರಾಂಶದ ಗುಣವೂ ಕುಸಿಯಿತು. ಅಂದರೆ ಬರೆದವರು ಮಾಡದ ಕೆಲಸವನ್ನು ಓದುವವರು ಮಾಡುತ್ತಾರೆ, ಅವರಿಗೆ ಬಿಡುವಿದ್ದರೆ ಮಾತ್ರ. ತಾಲ್ಲೂಕು ಕಚೇರಿಯಲ್ಲಿ ಅರ್ಜಿಗಳ ಕಟ್ಟನ್ನು ಮುಂದಿಟ್ಟುಕೊಂಡವರಿಗೆ ಆ ಬಿಡುವು ಎಲ್ಲಿಂದ ಬರಬೇಕು? ಆಲೂಗಡ್ಡೆ ಬೆಳೆದು ಕೈಸುಟ್ಟುಕೊಂಡ ರೈತರೊಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: ‘ಪರಿಹಾರ ಕೊಡಿಸಬೇಕು. ಅಂಗಮಾರಿ ಬಿದ್ದು ಬೆಳೆ ಹೋಯಿತು. ಸಾಲ ಮಾಡಿದೆ. ಮಳೆ ಬಿಡಲಿಲ್ಲ. ಬಿತ್ತನೆ ಗಡ್ಡೆ ತಂದೆ.’ ಇದರಲ್ಲಿ ಸುಳ್ಳಿಲ್ಲ, ಬಿಟ್ಟುಹೋದದ್ದೂ ಹೆಚ್ಚಿಲ್ಲ. ಆದರೆ ‘ಬೆಳೆ ಹೋಯಿತು. ಸಾಲ ಮಾಡಿದೆ’ ಎಂದು ಓದಿದವರಿಗೆ ಬೆಳೆ ಕಳೆದುಕೊಂಡ ಮೇಲೆ ಹೊಟ್ಟೆಪಾಡಿಗೆ ಸಾಲ ಎತ್ತಿದ ಚಿತ್ರ ಮೂಡುತ್ತದೆ. ‘ಸಾಲ ಮಾಡಿದೆ. ಬಿತ್ತನೆ ಗಡ್ಡೆ ತಂದೆ. ಮಳೆ ಬಿಡಲಿಲ್ಲ. ಅಂಗಮಾರಿ ಬಿದ್ದು ಬೆಳೆ ಹೋಯಿತು. ಪರಿಹಾರ ಕೊಡಿಸಬೇಕು’ ಎಂದರೆ ಸಾಲದ ಹಣವೇ ಹೊಲದಲ್ಲಿ ಕೊಳೆತುಹೋದ ಸಂಗತಿ ತಿಳಿಯುತ್ತದೆ, ರೋಗಕ್ಕೆ ಮಳೆಯ ತೇವ ಕಾರಣ ಎಂಬುದೂ ಹೊಳೆಯುತ್ತದೆ. ಒಂದು ಪದವೂ ಬದಲಾಗಿಲ್ಲ. ಕ್ರಮ ಬದಲಾಯಿತು, ಅದರ ಜೊತೆಗೆ ಕಾರಣ ಮತ್ತು ಫಲ ಬದಲಾದವು. ಪೊಲೀಸ್ ದೂರಿನಲ್ಲೂ ಪಂಚನಾಮೆಯಲ್ಲೂ ಆಸ್ಪತ್ರೆಯಲ್ಲಿ ಹೇಳುವ ರೋಗದ ವಿವರದಲ್ಲೂ ಇದೇ ಮಾತು ಸಲ್ಲುತ್ತದೆ. ಮೊದಲು ಬಿದ್ದರೇ, ಮೊದಲು ತಲೆ ಸುತ್ತಿತೇ ಎಂಬುದರ ಮೇಲೆ ಚಿಕಿತ್ಸೆಯ ದಿಕ್ಕೇ ನಿಂತಿರಬಹುದು.

ಇನ್ನೊಂದು ಆಕ್ಷೇಪ, ಸರಿಯಾದ ಕ್ರಮ ಒಂದೇ ಎಂದು ಹೇಳುವುದು ಹೇಗೆ ಎಂಬುದು. ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ಮತ್ತು ಕನ್ನಡದಲ್ಲೇ ಇದಕ್ಕೆ ದೊಡ್ಡ ಸಾಕ್ಷಿ ಇದೆ. ಹನ್ನೆರಡನೆಯ ಶತಮಾನದ ವಚನಗಳು ಬಿಡಿಬಿಡಿಯಾಗಿ ಹುಟ್ಟಿದವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಅವುಗಳನ್ನು ಆಯ್ದು, ಶರಣರ ಸಂವಾದವಾಗುವಂತೆ ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದರು. ಅವರ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಅದೇ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡು, ಜೋಡಣೆ ಬದಲಿಸಿ, ಪ್ರಸಂಗಗಳನ್ನು ಸೇರಿಸಿ, ತಮ್ಮ ತಮ್ಮ ಸಂಪಾದನೆಗಳನ್ನು ಕೊಟ್ಟರು. ಇಪ್ಪತ್ತನೆಯ ಶತಮಾನದಲ್ಲಿ ಫ.ಗು. ಹಳಕಟ್ಟಿ 1923ರ ‘ವಚನಶಾಸ್ತ್ರಸಾರ’ದಲ್ಲಿ ವಚನಗಳನ್ನು ವಿಷಯಕ್ಕೆ ತಕ್ಕಂತೆ ವಿಂಗಡಿಸಿದರು. ಸಂವಾದದ ನಡುವೆ ಉತ್ತರವಾಗಿ ಕಾಣುವ ವಚನ, ವಿಷಯವಾರು ಸಂಕಲನದಲ್ಲಿ ತತ್ವವಾಗಿ ಕಾಣುತ್ತದೆ. ಆದರೆ ಗಮನಿಸಿ, ಇವರಲ್ಲಿ ಯಾರೂ ಮನಬಂದಂತೆ ಜೋಡಿಸಲಿಲ್ಲ, ಪ್ರತಿಯೊಬ್ಬರ ಕ್ರಮದ ಹಿಂದೆಯೂ ಒಂದು ಕಾರಣವಿತ್ತು. ಮೇಲಿನ ಹೇಮಾವತಿಯ ಪ್ಯಾರಾದಲ್ಲೂ ‘ಆದರೆ’, ‘ಹೀಗೆ’ಗಳನ್ನು ತೆಗೆದು, ‘ಅಲ್ಲಿಂದ ಮುಂದೆ’ ಎನ್ನುವ ಕಡೆ ‘ಗೊರೂರಿನಿಂದ ಮುಂದೆ’ ಎಂದು ಬರೆದರೆ, ನಾಲೆ ಮತ್ತು ಕೆರೆಗಳ ಮಾತನ್ನು ಮೊದಲು ಮುಗಿಸಿ ಕಾವೇರಿಯ ಸಂಗಮದಲ್ಲಿ ನಿಲ್ಲಿಸುವುದೂ ಸರಿಯೇ. ಹಾಗೆ ನಿಲ್ಲಿಸಿದರೆ ಅದು ನದಿಯ ಕಥೆ, ಕೆರೆಯಲ್ಲಿ ನಿಲ್ಲಿಸಿದರೆ ನೀರಾವರಿಯ ಕಥೆ. ಒಂದಕ್ಕಿಂತ ಹೆಚ್ಚು ಕ್ರಮ ಸಾಧ್ಯ ಎಂದ ಮಾತ್ರಕ್ಕೆ ಯಾವ ಕ್ರಮವಾದರೂ ಆದೀತು ಎಂದಾಗುವುದಿಲ್ಲ. ಪ್ರತಿ ಜೋಡಣೆಯೂ ತನ್ನ ಕಾರಣವನ್ನು ತೋರಿಸಲು ಸಿದ್ಧವಿರಬೇಕು, ಅಷ್ಟೇ.

ಕೆಲವು ಬರಹಗಳಲ್ಲಿ ಕ್ರಮವನ್ನು ಲೇಖಕರ ಇಚ್ಛೆಗೆ ಬಿಡದೆ ಸಮಾಜವೇ ಗೊತ್ತುಮಾಡಿರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಇಂಥ ಬರಹದ ಭಂಡಾರ. ಬಿ.ಎಲ್. ರೈಸ್ 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ 1923ರ ಪರಿಷ್ಕೃತ ಸಂಪುಟದಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಕರ್ನಾಟಕದ ದಾನಶಾಸನಗಳು ಸಾಮಾನ್ಯವಾಗಿ ಸ್ತುತಿಯಿಂದ ತೊಡಗಿ, ಆಳುವ ರಾಜನ ಪ್ರಶಸ್ತಿ, ಕಾಲ, ದಾನಿ, ದಾನ ಪಡೆದವರು, ಭೂಮಿಯ ಎಲ್ಲೆ ಎಂದು ಸಾಗಿ, ದಾನವನ್ನು ಕೆಡಿಸಿದವರಿಗೆ ಪಾಪ ತಟ್ಟಲಿ ಎಂಬ ಶಾಪಾಶಯದಲ್ಲಿ ಮುಗಿಯುತ್ತವೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಕೂಡ ವಿಷ್ಣುಸ್ತುತಿಯಿಂದ ತೊಡಗಿ ದಾನವನ್ನು ಹೇಳಿ ಪಾಪದ ಎಚ್ಚರಿಕೆ ಕೊಡುತ್ತದೆ. ಕಲ್ಲು ಒಡೆದು ಸಾಲುಗಳು ಸವೆದಾಗ ವಿದ್ವಾಂಸರಿಗೆ ನೆರವಾಗುವುದು ಈ ಕ್ರಮದ ಅರಿವೇ. ಎಲ್ಲೆಯ ವಿವರದ ಚೂರು ಸಿಕ್ಕರೆ ಅದರ ಮೇಲೆ ದಾನಿಯ ಹೆಸರು ಇದ್ದಿರಬೇಕು, ಕೆಳಗೆ ಶಾಪಾಶಯ ಇದ್ದಿರಬೇಕು ಎಂದು ಊಹಿಸಲು ಆಗುತ್ತದೆ. ಇಂದಿನ ಕ್ರಯಪತ್ರದಲ್ಲಿ ಪಕ್ಷಗಾರರ ಹೆಸರು, ಹಕ್ಕು ಬಂದ ಬಗೆ, ಪ್ರತಿಫಲದ ಹಣ, ಕೊನೆಗೆ ಷೆಡ್ಯೂಲು ಮತ್ತು ಚಕ್ಕುಬಂದಿ ಎಂದು ಬರುವುದೂ ಇದೇ ಬಗೆಯ ಒಪ್ಪಂದ. ಕ್ರಮ ಇಲ್ಲಿ ಸಾಕ್ಷಿಯ ಕೆಲಸ ಮಾಡುತ್ತದೆ.

ಕೋಚಿಂಗ್ ತರಗತಿಗಳಲ್ಲಿ ಇದನ್ನು ಬರೀ ಉಪಾಯವಾಗಿ ಕಲಿಸುತ್ತಾರೆ, ಸರ್ವನಾಮ ಹುಡುಕು, ‘ಆದರೆ’ ಹುಡುಕು, ಮುಗಿಯಿತು ಎಂಬ ದೂರಿದೆ. ಉಪಾಯಗಳು ಕೆಲಸ ಮಾಡುವುದು ಅವು ಭಾಷೆಯ ನಿಜವಾದ ಗುರುತುಗಳಾದ್ದರಿಂದಲೇ, ಅವುಗಳನ್ನು ಕಲಿಯುವುದರಲ್ಲಿ ತಪ್ಪಿಲ್ಲ. ‘ಇದು’ ತೀರ ಹತ್ತಿರದ್ದನ್ನು ತೋರುತ್ತದೆ, ‘-ಊ’ ಎಂಬ ಅಕ್ಷರ ಹಿಂದೆ ಅದೇ ಬಗೆಯ ಇನ್ನೊಂದು ಇತ್ತು ಎಂದು ಸೂಚಿಸುತ್ತದೆ, ‘ಅಂತೂ’ ಒಂದು ಹೋಲಿಕೆಯನ್ನು ಬಯಸುತ್ತದೆ ಎಂಬುದನ್ನು ಎಷ್ಟು ಜನ ಕನ್ನಡ ವಿದ್ಯಾರ್ಥಿಗಳು ಗಮನಿಸಿದ್ದಾರೆ? ಆದರೆ ಉಪಾಯವಷ್ಟೇ ಗೊತ್ತಿದ್ದವರು ಕೊಂಡಿಪದವಿಲ್ಲದ ವಾಕ್ಯ ಬಂದ ಕೂಡಲೇ ನಿಲ್ಲುತ್ತಾರೆ. ಗೊರೂರಿನ ವಾಕ್ಯದ ಜಾಗವನ್ನು ಯಾವ ಉಪಾಯವೂ ಹೇಳಲಿಲ್ಲ, ನದಿ ಹರಿಯುವ ದಿಕ್ಕಿನ ಅರಿವು ಹೇಳಿತು. ಇನ್ನು ಕೆಲವರು, ಜೋಡಿಸುವುದು ಬರವಣಿಗೆಯಲ್ಲ, ನೇರವಾಗಿ ಪ್ರಬಂಧವನ್ನೇ ಬರೆಸಿ ಎನ್ನುತ್ತಾರೆ. ಪ್ರಬಂಧ ಬೇಕು, ಸಂಶಯವಿಲ್ಲ. ಆದರೆ ಪ್ರಬಂಧದಲ್ಲಿ ಅಕ್ಷರ, ಕಾಗುಣಿತ, ಪದಸಂಪತ್ತು, ವಿಷಯ, ಕ್ರಮ ಎಲ್ಲವನ್ನೂ ಒಂದೇ ಸಲಕ್ಕೆ ನಿಭಾಯಿಸಬೇಕು. ಎಲ್ಲಿ ಎಡವಿದರು ಎಂಬುದು ಮಕ್ಕಳಿಗೂ ತಿಳಿಯದು, ಕೆಂಪು ಶಾಯಿ ಹಿಡಿದ ಮೇಷ್ಟರಿಗೂ ಅನೇಕ ಸಲ ಕಾಗುಣಿತವೇ ಮೊದಲು ಕಾಣುತ್ತದೆ. ಸಿದ್ಧವಾಕ್ಯಗಳನ್ನು ಕೊಟ್ಟಾಗ ಉಳಿದೆಲ್ಲ ಹೊರೆ ಇಳಿದು ಕ್ರಮವೊಂದೇ ಮುಂದೆ ನಿಲ್ಲುತ್ತದೆ. ಕಾಗುಣಿತದಲ್ಲಿ ಹಿಂದೆ ಬಿದ್ದ ಮಕ್ಕಳು ಯೋಚನೆಯಲ್ಲಿ ಮುಂದಿರುವುದು ಆಗ ಗೊತ್ತಾಗಬಹುದು.

ಹಾಗಾದರೆ ಶಾಲೆಗಳಲ್ಲಿ ಏನು ಮಾಡಬಹುದು? ಕನ್ನಡದ ಅವಧಿಯಲ್ಲೇ, ಊರಿನ ವಿಷಯಗಳ ಮೇಲೆಯೇ ಈ ಅಭ್ಯಾಸ ನಡೆಯಬೇಕು. ಹೊಳೆನರಸೀಪುರದ ಮಕ್ಕಳಿಗೆ ಹೇಮಾವತಿಯ ಹಾದಿ, ಅರಕಲಗೂಡಿನವರಿಗೆ ರಾಮನಾಥಪುರದಲ್ಲಿ ಹರಿಯುವ ಕಾವೇರಿ, ಹಾಸನದವರಿಗೆ ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಆಲೂಗಡ್ಡೆ ಹೊಲ ಸೇರಿ ಮತ್ತೆ ಮಾರುಕಟ್ಟೆಗೆ ಬರುವವರೆಗಿನ ಕೆಲಸಗಳು, ಚನ್ನರಾಯಪಟ್ಟಣದವರಿಗೆ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕದ ವಿಧಿಗಳು ಒಳ್ಳೆಯ ಸಾಮಗ್ರಿ. ಲೋಕಜ್ಞಾನ ಮೊದಲೇ ಇರುವುದರಿಂದ ಗಮನವೆಲ್ಲ ಮಾತಿನ ಜೋಡಣೆಯ ಮೇಲೆ ನಿಲ್ಲುತ್ತದೆ. ಉತ್ತರದ ಜೊತೆಗೆ ‘ಈ ವಾಕ್ಯ ಇಲ್ಲೇ ಏಕೆ?’ ಎಂಬ ಪ್ರಶ್ನೆಗೂ ಎರಡು ಸಾಲು ಬರೆಸಬೇಕು, ಅಂಕದಲ್ಲಿ ಅರ್ಧ ಭಾಗ ಆ ಎರಡು ಸಾಲಿಗೆ ಸಲ್ಲಬೇಕು. ಕೀ ಉತ್ತರಕ್ಕೆ ಹೊಂದದ ಕ್ರಮ ಕೊಟ್ಟ ವಿದ್ಯಾರ್ಥಿ ಒಪ್ಪುವಂಥ ಕಾರಣ ಕೊಟ್ಟರೆ ಆ ಉತ್ತರವನ್ನೂ ಸರಿ ಎನ್ನಬೇಕು. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ ಹಾಸನ. ಅಂಕ ಗಳಿಸುವ ಶಕ್ತಿ ಇಲ್ಲಿನ ಮಕ್ಕಳಲ್ಲೂ ಶಿಕ್ಷಕರಲ್ಲೂ ಇದೆ ಎಂಬುದು ಆಗಲೇ ಸಿದ್ಧವಾಗಿದೆ. ಅದರ ಜೊತೆಗೆ ತಮ್ಮ ಮಾತನ್ನು ತಾವೇ ಕ್ರಮವಾಗಿ ಇಡುವ, ಪರರ ಮಾತಿನಲ್ಲಿ ಕ್ರಮ ತಪ್ಪಿದ ಕಡೆ ಬೆರಳಿಟ್ಟು ಕಾರಣ ಕೇಳುವ ಶಕ್ತಿಯನ್ನೂ ಕೊಡಬೇಕು. ತಮ್ಮ ಅರ್ಜಿಯನ್ನು ತಾವೇ ಬರೆಯಬಲ್ಲವರು, ತಮಗೆ ಓದಿ ಹೇಳಿದ ಪತ್ರದಲ್ಲಿ ಕಾರಣ ಮತ್ತು ಫಲ ಅದಲುಬದಲಾದದ್ದನ್ನು ಕಂಡುಹಿಡಿಯಬಲ್ಲವರು ಸುಲಭವಾಗಿ ಮೋಸ ಹೋಗುವುದಿಲ್ಲ. ಐದು ವಾಕ್ಯಗಳನ್ನು ಜೋಡಿಸುವ ಒಂದು ಪ್ರಶ್ನೆಯಿಂದ ಇಷ್ಟು ಸಿಗುವುದಾದರೆ ಅದಕ್ಕೆ ಕನ್ನಡದ ತರಗತಿಯಲ್ಲಿ ಕಾಯಂ ಜಾಗ ಕೊಡಬೇಕು.